ನಾಲ್ಕು ಮೆಟ್ಟಿಲ ಟಿಪ್ಪಣಿ

ಅವರು ತೀರಿಕೊಂಡರೆಂದು ನನಗೆ ಮೊದಲು ಹೇಳಿದವನು ಬಸ್ ಕಂಡಕ್ಟರ್. ತಿ. ನರಸೀಪುರದ ನಿಲ್ದಾಣದಲ್ಲಿ ಟಿಕೆಟ್ ಹರಿದು ಕೊಡುತ್ತಾ, "ನಂಜನಗೂಡಲ್ಲಿ ನೀವು ಕೆಲ್ಸ ಮಾಡ್ತಿದ್ರಲ್ಲ ಮೇಡಂ, ಆ ಲಾಯರ್ ಆಫೀಸಿನ ಗುಮಾಸ್ತ್ರು, ಓಗ್ಬುಟ್ರಂತೆ" ಎಂದ. ನಾನು ಅಯ್ಯೋ ಎನ್ನಲಿಲ್ಲ. "ಯಾರು ಹೇಳಿದ್ದು?" ಎಂದು ಕೇಳಿದೆ. ಕೋರ್ಟಿನ ಮುಂದಿನ ಟೀ ಅಂಗಡಿಯವನಂತೆ. ಅವನಿಗೆ ಯಾರು ಹೇಳಿದರು ಎಂದು ಕೇಳಿದೆ. ಕಂಡಕ್ಟರ್ ನನ್ನನ್ನು ಒಂದು ಥರ ನೋಡಿ ಮುಂದಿನ ಸೀಟಿಗೆ ಹೋದ. ಸಾವಿನ ಸುದ್ದಿಗೂ ಸಾಕ್ಷಿ ಕೇಳುವ ಹೆಂಗಸನ್ನು ಅವನು ಕಂಡಿರಲಿಕ್ಕಿಲ್ಲ. ಬಸ್ಸಿನಿಂದ ಇಳಿದ ಮೇಲೆ ಲಾಯರ್ ಮನೆಗೆ ಫೋನ್ ಮಾಡಿದೆ. "ಹೌದಮ್ಮ, ಸೋಮವಾರ ಬೆಳಿಗ್ಗೆ, ತಗಡೂರಿನ ಮನೆಯಲ್ಲೇ. ನಾನೇ ಹೋಗಿ ಮಣ್ಣು ಹಾಕಿ ಬಂದೆ" ಎಂದರು. ಆಗ ನಂಬಿದೆ. ಅಳು ಬಂದದ್ದು ಇನ್ನೂ ಮೂರು ದಿನ ಕಳೆದ ಮೇಲೆ, ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ತಮ್ಮ ಹೆಸರು ಕಾಗದದ ಮೇಲೆ ಬೀಳುವುದು ಅವರಿಗೆ ಆಗುತ್ತಿರಲಿಲ್ಲ. ಯಾರ ಪತ್ರಕ್ಕೂ ಸಾಕ್ಷಿಯಾಗಿ ರುಜು ಹಾಕಿದವರಲ್ಲ. ನೆಂಟರ ಮದುವೆ ಕರೆಯೋಲೆಯಲ್ಲಿ ಹೆಸರು ಅಚ್ಚಾದರೂ, "ನನ್ನ ಕೇಳ್ದೆ ಯಾಕ್ ಆಕುಸ್ದ್ರಿ?" ಎಂದು ಜಗಳ ತೆಗೆಯುತ್ತಿದ್ದರು.

ನಾನು ಪಿಯುಸಿ ಮುಗಿಸಿ, ನರಸೀಪುರದಲ್ಲಿ ಟೈಪಿಂಗ್ ಕಲಿತು, ಆಮೇಲೆ ಮೂರು ತಿಂಗಳ ಕಂಪ್ಯೂಟರ್ ಕೋರ್ಸನ್ನೂ ಮಾಡಿ ಆ ಆಫೀಸಿಗೆ ಸೇರಿದಾಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೋರ್ಟಿನಿಂದ ಕೂಗಳತೆ ದೂರದಲ್ಲಿ ಎರಡು ಕೋಣೆ. ಒಳಗಿನದರಲ್ಲಿ ಲಾಯರ್, ಹೊರಗಿನದರಲ್ಲಿ ಇವರು. ಐವತ್ತೈದರ ಮೇಲಿನ ವಯಸ್ಸು. ಹಣೆಯಲ್ಲಿ ವಿಭೂತಿ, ತೋಳು ಮಡಚಿದ ಬಿಳಿ ಅಂಗಿ, ಕಿವಿಯ ಮೇಲೆ ಪೆನ್ಸಿಲ್. ಹಳೆಯ ಟೈಪ್‌ರೈಟರಿನಲ್ಲಿ ಒಂದೇ ಬೆರಳಿನಿಂದ ಮೂವತ್ತು ವರ್ಷ ಹೊಡೆದ ಕೈ.

"ಯಾವೂರವ್ವಾ?" ಎಂದರು.

"ಹೆಮ್ಮಿಗೆ, ಸಾ."

"ಎಮ್ಮಿಗೇಲಿ ಸೇದೋ ಬಾವಿ ಎಷ್ಟವೆ?"

ನಾನು ಬೆರಳು ಮಡಚಿ ಎಣಿಸಿ ಹೇಳಿದೆ. ತಲೆಯಾಡಿಸಿದರು. ಆಮೇಲೆ ಹದಿನೈದು ದಿನಕ್ಕೆ ನಮ್ಮೂರಿನವರೊಬ್ಬರು ಯಾವುದೋ ಪತ್ರದ ನಕಲಿಗಾಗಿ ಬಂದಾಗ, ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ಗೊತ್ತಿದ್ದೂ ಅವರನ್ನು ಅದೇ ಪ್ರಶ್ನೆ ಕೇಳಿದರು. ಲೆಕ್ಕ ಸರಿಹೋಯಿತು. ಆವತ್ತಿನಿಂದ ನನಗೆ ಬೀರುವಿನ ಬೀಗದ ಕೈ ಕೊಡತೊಡಗಿದರು.

ಯಾವ ಕಾಗದ ಕೈಗೆ ಬಂದರೂ ಮೊದಲು ಅದರ ಹಿಂಬದಿ ನೋಡುತ್ತಿದ್ದರು. "ಮುಂದ್ಗಡೆ ಎಲ್ರೂ ಚೆಂದಾಗೇ ಬರೀತಾರೆ ಕಣವ್ವಾ. ಸ್ಟಾಂಪ್ ಕಾಗ್ದ ಯಾವತ್ತು ತಕ್ಕಂಡ್ರು, ಯಾರ ಎಸ್ರಲ್ಲಿ ತಕ್ಕಂಡ್ರು, ಎಲ್ಲಾ ಇಂದ್ಗಡೇನೇ ಇರದು." ಟೀ ಲೋಟ ಬಂದರೆ ಬೆಳಕಿಗೆ ಎತ್ತಿ ತಳ ನೋಡಿ ಕುಡಿಯುವರು. ರಸಬಾಳೆ ಎಂದು ಯಾರಾದರೂ ತಂದುಕೊಟ್ಟರೆ ಸಿಪ್ಪೆ ಸುಲಿದು ಮೂಸಿ, "ಬಾಳೆಹಣ್ಣು ನಿಜ" ಎಂದಷ್ಟೇ ಹೇಳುವರು. ಬಸ್ ನಿಲ್ದಾಣದಲ್ಲಿ ತಗಡೂರು ಬಸ್ ಎಷ್ಟು ಹೊತ್ತಿಗೆ ಎಂದು ಮೂರು ಜನರನ್ನು ಬೇರೆ ಬೇರೆಯಾಗಿ ವಿಚಾರಿಸುತ್ತಿದ್ದರು. ಮೂವರೂ ಒಂದೇ ಹೊತ್ತು ಹೇಳಿದರೆ ಅದಕ್ಕೂ ಅನುಮಾನ. "ಮೂವರೂ ಒಬ್ಬನ್ನೇ ಕೇಳವ್ರೆ" ಎನ್ನುತ್ತಿದ್ದರು.

ಇದನ್ನೆಲ್ಲ ನಗುವುದಕ್ಕೆ ಬರೆಯುತ್ತಿಲ್ಲ. ಕಕ್ಷಿದಾರ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು ಕೋರ್ಟಿಗೆ ಹೋದರೆ ಏನಾಗುತ್ತದೆಂದು ಅವರು ಮೂವತ್ತು ವರ್ಷ ಕಂಡಿದ್ದರು. ನಮ್ಮ ಕಡೆಯವನು ಸುಳ್ಳು ಹೇಳುವುದಿಲ್ಲ ಎಂದು ಲಾಯರ್ ಒಮ್ಮೆ ಹೇಳಿದಾಗ ಇವರು, "ಇಲ್ಲ ಸಾ, ಯೋಳಲ್ಲ. ಅರ್ಧ ಯೋಳ್ತನೆ" ಎಂದಿದ್ದರು. ಯಾರಾದರೂ ತಮ್ಮ ಪರವಾಗಿ ತಾವೇ ಜೋರಾಗಿ ಮಾತನಾಡತೊಡಗಿದರೆ ಅವರ ಪೆನ್ಸಿಲ್ ನಿಂತುಬಿಡುತ್ತಿತ್ತು. "ತನ್ ಪರ ತಾನೇ ಯೋಳ್ಕಂಡದ್ದ ಬರ್ಕೊಳೋದೇನ್ಗೆ" ಎಂದು ಆಮೇಲೆ ನನ್ನೊಡನೆ ಗೊಣಗುವರು.

ಅವರು ನೋಟ್ಸ್ ಬರೆಯುತ್ತಿದ್ದ ಕ್ರಮ ಬೇರೆ ಯಾರಲ್ಲೂ ನಾನು ಕಂಡಿಲ್ಲ. ಪ್ರತಿ ದಾವೆಗೂ ಒಂದು ಉದ್ದನೆಯ ಹಾಳೆ. ಪ್ರತಿ ಸಾಲಿನ ಮೊದಲಲ್ಲಿ ಪೆನ್ಸಿಲಿನ ಗುರುತು, ಒಟ್ಟು ನಾಲ್ಕು ಥರದ್ದು. ಕೆಲವು ಸಾಲು ಎಡಕ್ಕೆ ಅಂಟಿಕೊಂಡಿದ್ದರೆ ಕೆಲವು ಬಲಗಡೆಗೆ ಸರಿದು ನಿಂತಿರುತ್ತಿದ್ದವು. ಆಫೀಸಿಗೆ ಕಂಪ್ಯೂಟರ್ ಬಂದ ವಾರ ಲಾಯರ್, "ಇನ್ನು ನಿಮ್ಮ ನೋಟ್ಸನ್ನೂ ಇದರಲ್ಲೇ ಮಾಡಿಸಿ" ಎಂದರು. ಇವರು ಆ ಪೆಟ್ಟಿಗೆಯ ಹಿಂದೆ ಹೋಗಿ ವೈರುಗಳನ್ನು ನೋಡಿ ಬಂದು ನನ್ನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತರು.

ಮೊದಲು ನಾನು ಸಾಲುಗಳಿಗೆ ಒಂದು, ಎರಡು, ಮೂರು ಎಂದು ತಾನಾಗಿ ಬರುವ ಅಂಕಿ ಹಾಕಿ ತೋರಿಸಿದೆ. ಒಂದು ಸಾಲು ಬೇಡವಾದರೆ ತೆಗೆಯಬಹುದು ಎಂದು ಮೂರನೆಯದನ್ನು ಅಳಿಸಿದೆ. ನಾಲ್ಕನೆಯದು ಮೂರಾಯಿತು, ಐದನೆಯದು ನಾಲ್ಕಾಯಿತು. ಅವರು ಸ್ಟೂಲನ್ನು ಹಿಂದಕ್ಕೆ ಎಳೆದರು.

"ಎಲ್ಲೋಯ್ತು ಅದು?"

"ಅಳಿಸಿದೆ ಸಾ."

"ಅಳ್ಸು, ಬ್ಯಾಡ ಅನ್ನಕಿಲ್ಲ. ಜಾಗ ಎಲ್ಲೋಯ್ತು? ಮೂರ್ನೇಯವ್ನು ಎದ್ದೋದ್ರೆ ನಾಕ್ನೇಯವ್ನು ಬಂದು ಅದೇ ಕುರ್ಚೀಲಿ ಕೂತವ್ನಲ್ಲ, ಏನೂ ಆಗೇ ಇಲ್ಲ ಅನ್ನಂಗೆ? ಇಂತೋರ್ನ ನಾನು ಬಾಳಾ ಕಂಡಿವ್ನಿ. ಅಂಕಿ ಬ್ಯಾಡ, ನನ್ ಗುರ್ತೇ ಆಕು." ಅಂದಿನಿಂದ ಪ್ರತಿ ಪ್ರಿಂಟಿನ ಕೆಳಗೂ ಒಟ್ಟು ಸಾಲು ಎಷ್ಟು ಎಂದು ಪೆನ್ಸಿಲಿನಲ್ಲಿ ತಾವೇ ಎಣಿಸಿ ಬರೆಯುವ ಪದ್ಧತಿ ಶುರುವಾಯಿತು.

ಕೋರ್ಸಿನಲ್ಲಿ ನನಗೆ ಕಲಿಸಿದ್ದು ಪಾಠದ ನೋಟ್ಸಿನ ಕ್ರಮ. ಮೇಲೆ ಮುಖ್ಯ ವಿಷಯ, ಅದರ ಕೆಳಗೆ ಒಳವಿಷಯ, ಅದಕ್ಕೂ ಕೆಳಗೆ ವಿವರ. ಅವರು ಕೈಯಲ್ಲಿ ಬರೆದ ಹಾಳೆಯನ್ನು ನಾನು ಹಾಗೆಂದೇ ತಿಳಿದು ಜೋಡಿಸಿದ್ದೆ. ಅವರು ಓದಿ ತಲೆಯಲ್ಲಾಡಿಸಿದರು.

"ಇದು ಇಸ್ಕೂಲ್ ಮಕ್ಕಳ್ದು ಕಣವ್ವಾ. ಯಾವ್ದು ದೊಡ್ಡ ಮಾತು, ಯಾವ್ದು ಸಣ್ಣ ಮಾತು ಅನ್ನೋದು ನಂಗೆ ಬ್ಯಾಡ. ಯಾವ್ ಮಾತ್ನ ಎಷ್ಟ್ ನಂಬ್ಬೋದು, ಅಷ್ಟ ಯೋಳ್ಬೇಕು ಈ ಕಾಗ್ದ."

ಆಮೇಲೆ ತಮ್ಮ ಮೆಟ್ಟಿಲುಗಳನ್ನು ವಿವರಿಸಿದರು. ಮೊದಲನೆಯ ಮೆಟ್ಟಿಲಿಗೆ ತುಂಬಿದ ಕಪ್ಪು ಚೌಕ. ಸರ್ಕಾರಿ ಕಾಗದದಲ್ಲಿ ತಾವೇ ಕಣ್ಣಾರೆ ನೋಡಿದ್ದು ಮಾತ್ರ ಅಲ್ಲಿಗೆ. ಎರಡನೆಯದಕ್ಕೆ ಖಾಲಿ ಸೊನ್ನೆ. ಕಣ್ಣಲ್ಲಿ ಕಂಡವರು ಬಂದು ಹೇಳಿದ್ದು. ಮೂರನೆಯದಕ್ಕೆ ಅಡ್ಡಗೆರೆ. ಕೇಳಿದವರು ಹೇಳಿದ್ದು. ನಾಲ್ಕನೆಯದಕ್ಕೆ ಪ್ರಶ್ನೆಯ ಗುರುತು. ಅದು ಅವರ ಸ್ವಂತ ಅನುಮಾನಗಳ ಜಾಗ. ಸಾಮಾನ್ಯವಾಗಿ ಹಾಳೆಯಲ್ಲಿ ಅದೇ ಜಾಸ್ತಿ.

ನಾನು ಫಾರ್ಮ್ಯಾಟ್ ಎಂಬಲ್ಲಿಂದ, ಸಾಲಿನ ಮೊದಲಿಗೆ ಗುರುತು ಹಾಕುವ ಬುಲೆಟ್ಟಿನ ಕಿಟಕಿಗೆ ಹೋಗಿ, ಔಟ್‌ಲೈನ್ ಭಾಗದಲ್ಲಿ ಕಸ್ಟಮೈಸ್ ಒತ್ತಿದೆ. ಎಡಗಡೆ ಒಂದರಿಂದ ಒಂಬತ್ತರವರೆಗೆ ಮಟ್ಟಗಳು ಸಾಲಾಗಿ ಕಂಡವು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಒಂಬತ್ತಾ? ಒಂಬತ್ ಬಗೆ ಸುಳ್ಳು ಯೋಳೋರು ನಮ್ ತಾಲ್ಲೂಕಲ್ಲಿ ಇನ್ನೂ ಉಟ್ಟಿಲ್ಲ. ನಾಕು ಸಾಕು" ಎಂದರು.

ಒಂದೊಂದು ಮಟ್ಟಕ್ಕೂ ಗುರುತನ್ನು ಹುಡುಕಿ ಕೂಡಿಸಿದೆ. ಅಷ್ಟಕ್ಕೆ ಮುಗಿಯಲಿಲ್ಲ. ಲಾಯರ್ ವಾದಕ್ಕೆ ನಿಂತಾಗ ಆ ಹಾಳೆಯನ್ನು ಉದ್ದಕ್ಕೆ ನಡುವಿಗೆ ಮಡಚಿ ಕೈಯಲ್ಲಿ ಹಿಡಿಯುತ್ತಿದ್ದರು. ಎದುರು ಪಕ್ಷದವರು ಪಕ್ಕದಲ್ಲೇ ಇರುತ್ತಾರೆ, ಇಣುಕುತ್ತಾರೆ. ಆದ್ದರಿಂದ ಮೊದಲ ಎರಡು ಮೆಟ್ಟಿಲು ಮಡಿಕೆಯ ಹೊರಗೆ ಲಾಯರ್ ಕಣ್ಣಿಗೆ ಕಾಣಬೇಕು, ಕಡೆಯ ಎರಡು ಮಡಿಕೆಯ ಹಿಂದೆ ಅಂಗೈಯೊಳಗೆ ಮರೆಯಾಗಬೇಕು. ಅದಕ್ಕಾಗಿ ಚೌಕ ಮತ್ತು ಸೊನ್ನೆಯ ಸಾಲುಗಳು ಹಾಳೆಯ ನಡು ದಾಟದಂತೆ ಬಲಗಡೆಯಿಂದ ತಡೆಕೊಟ್ಟೆ. ಅಡ್ಡಗೆರೆ ಮತ್ತು ಪ್ರಶ್ನೆ ನಡುವಿನಿಂದಾಚೆಗೇ ಶುರುವಾಗಬೇಕು. ಪ್ರತಿ ಮಟ್ಟಕ್ಕೂ ಅದರ ಅಂಚು, ಜಾಗಗಳನ್ನು ಹೇಳುವ ಬೇರೆ ಸ್ಟೈಲ್ ಮಾಡಿ ಗುರುತಿನ ಜೊತೆ ಕೊಂಡಿ ಹಾಕಿದೆ. ಅವರು ಸ್ಕೇಲ್ ಹಿಡಿದು ಪ್ರಿಂಟ್ ಅಳೆದರು, ಮಡಚಿದರು, ಬಿಸಿಲಿಗೆ ಹಿಡಿದು ಹಿಂದಿನದು ಮುಂದೆ ಕಾಣುತ್ತದೆಯೋ ಎಂದು ನೋಡಿದರು. ಸರಿಹೋಗಲು ನಾಲ್ಕು ದಿನ ಬೇಕಾಯಿತು. ಕೊನೆಗೆ ಟ್ಯಾಬ್ ಒಂದು ಸಲ ಒತ್ತಿದರೆ ಸಾಲು ಒಂದು ಮೆಟ್ಟಿಲು ಇಳಿದು, ತನ್ನ ಗುರುತನ್ನೂ ಜಾಗವನ್ನೂ ತಾನೇ ಬದಲಿಸಿಕೊಂಡು ನಿಲ್ಲುತ್ತಿತ್ತು. ನನಗೆ ಹೆಮ್ಮೆಯಾಯಿತು. ಅವರು, "ಚೆಂದಾಗದೆ. ಬಾಳಾ ಸುಲಭಾಗದೆ, ಅದ್ಕೇ ಒಸಿ ಭಯ" ಎಂದರು.

ಒಮ್ಮೆ ಆ ಫೈಲನ್ನು ಬೇರೆ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ಪ್ರಿಂಟ್ ತೆಗೆಸಿದರು. ಅಲ್ಲಿ ನಮ್ಮ ಫಾಂಟ್ ಇರಲಿಲ್ಲವೋ ಏನೋ, ಕಪ್ಪು ಚೌಕಗಳ ಜಾಗದಲ್ಲೆಲ್ಲ 'ಣ' ಬಂದು ಕುಳಿತಿತ್ತು. ಅವರು ಆ ಹಾಳೆಯನ್ನು ಚಿಟಿಕೆಯಲ್ಲಿ ಹಿಡಿದುಕೊಂಡು ಬಂದು ನನ್ನ ಮುಂದಿಟ್ಟು, "ಈ ಣ ಯಾರ ಕಡೆಯೋನು?" ಎಂದರು. ಲಾಯರ್ ಒಳಗಿನಿಂದಲೇ ಬಿದ್ದು ಬಿದ್ದು ನಕ್ಕರು. ಇವರು ನಗಲಿಲ್ಲ. ಆಮೇಲೆ ಯಾವತ್ತೂ ನಮ್ಮ ಫೈಲು ನಮ್ಮ ಯಂತ್ರದಿಂದ ಹೊರಗೆ ಹೋಗಲಿಲ್ಲ. ಅದನ್ನು ಮುಟ್ಟುವವರು ನಾವಿಬ್ಬರೇ. ಮಧ್ಯಾಹ್ನದವರೆಗೂ ನಾನು ಟೈಪ್ ಮಾಡುತ್ತಿದ್ದೆ. ನಾಲ್ಕೂವರೆಯ ನರಸೀಪುರದ ಬಸ್ಸಿಗೆ ನಾನು ಹೊರಟ ಮೇಲೆ ಅವರು ಕುಳಿತು ಒಂದು ಬೆರಳಿನಲ್ಲಿ ತಮ್ಮ ಅನುಮಾನಗಳನ್ನು ಸೇರಿಸಿ ಪ್ರಿಂಟ್ ತೆಗೆದಿಡುತ್ತಿದ್ದರು.

ಮೂರು ವರ್ಷ ಹೀಗೆ ನಡೆಯಿತು. ಆ ಮೂರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ನೆನಪಿಲ್ಲ. ಆದರೆ ನಾನು ಟೈಪ್ ಮಾಡಿದ್ದನ್ನು ಎರಡನೆಯ ಸಲ ಓದುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಅದು ನನಗೆ ಗೊತ್ತಿತ್ತು. ಮನೆಯಲ್ಲಿ ಅಪ್ಪನ ಹತ್ತಿರ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಚಿಕ್ಕಯ್ಯನಛತ್ರದ ಕಡೆಯಿಂದ ಒಬ್ಬ ವಿಧವೆಯ ದಾವೆ ಬಂದಿತ್ತು. ಅವರ ಗದ್ದೆಗೆ ಹೋಗುವ ಬಂಡಿದಾರಿಗೆ ಮೈದುನ ಮುಳ್ಳುಬೇಲಿ ಹಾಕಿಬಿಟ್ಟಿದ್ದ. ದಾರಿಯೇ ಇರಲಿಲ್ಲ ಎಂಬುದು ಅವನ ವಾದ. ಈಯಮ್ಮ ಹುಲ್ಲಿನ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಕಾಲುವೆಯನ್ನು ಸುತ್ತಿ ಬರಬೇಕಾಗಿತ್ತು. ನಮ್ಮವರು ತಾಲ್ಲೂಕು ಕಚೇರಿಯಲ್ಲಿ ಹದಿನೈದು ದಿನ ಅಲೆದು ಹಳೆಯ ಸರ್ವೆ ನಕ್ಷೆಯಲ್ಲಿ ಆ ಬಂಡಿದಾರಿಯ ಜೋಡಿಗೆರೆಯನ್ನು ಪತ್ತೆಮಾಡಿ ನಕಲು ತಂದರು. ಆ ದಿನ ಮಾತ್ರ ಅವರ ಮುಖದಲ್ಲಿ ನಗುವಿನಂಥದ್ದು ಇತ್ತು. "ಕಪ್ಪು ಚೌಕ ಆಕವ್ವಾ, ದಪ್ಪುಕ್ ಆಕು" ಎಂದರು. ನಾನು ಹಾಕಿದೆ. ನಕ್ಷೆಯಲ್ಲಿ ದಾರಿ ಇದೆ, ಗ್ರಾಮಲೆಕ್ಕಿಗನಿಗೆ ತೋರಿಸಿ ಒಪ್ಪಿಸಬೇಕು ಎಂಬ ಸಾಲು.

ಗ್ರಾಮಲೆಕ್ಕಿಗ ಸಾಕ್ಷಿ ಹೇಳಲು ಬಂದ ದಿನ ಲಾಯರಿಗೆ ಐದು ಕೇಸುಗಳಿದ್ದವು. ಮಡಚಿದ ಹಾಳೆ ಹಿಡಿದು ಎದ್ದು ನಿಂತರು, ಹೊರಗೆ ಕಂಡ ಸಾಲುಗಳನ್ನು ನೋಡಿಕೊಂಡು ಪ್ರಶ್ನೆ ಕೇಳಿದರು, ಕುಳಿತರು. ನಕ್ಷೆಯ ಮಾತೇ ಬರಲಿಲ್ಲ. ಸಾಕ್ಷಿ ಇಳಿದು ಹೋದ. ಹೊರಗೆ ಜಗಲಿಯಲ್ಲಿ ಆ ಹೆಂಗಸು ಇವರನ್ನು ತಡೆದು, "ಗುಮಾಸ್ತಪ್ಪಾ, ಆ ನಕ್ಸೇನ ಯಾಕ್ ತೋರುಸ್ನಿಲ್ಲ? ನೀನೇ ಅಲ್ವಾ ಅದೊಂದೇ ಸಾಕು ಅಂದದ್ದು?" ಎಂದು ಕೇಳಿದರಂತೆ.

ಇವರು ಆಫೀಸಿಗೆ ಬಂದು ಹಾಳೆಯನ್ನು ಮೊದಲು ಹಿಂದಕ್ಕೆ ತಿರುಗಿಸಿ ನೋಡಿದರು. ಆಮೇಲೆ ಬಿಡಿಸಿದರು. ನಕ್ಷೆಯ ಸಾಲು ನಡು ದಾಟಿ ಬಲಗಡೆಗೆ ಹೋಗಿ ನಿಂತಿತ್ತು. ಅದರ ಮೊದಲಲ್ಲಿ ಚೌಕವಿರಲಿಲ್ಲ. ಅಡ್ಡಗೆರೆ ಇತ್ತು. ಯಾರೋ ಹೇಳಿದ್ದನ್ನು ಯಾರೋ ಕೇಳಿಕೊಂಡು ಬಂದು ಹೇಳಿದ ಹಾಗೆ. ಕೆಳಗೆ ಪೆನ್ಸಿಲಿನಲ್ಲಿ ಬರೆದ ಲೆಕ್ಕ ಮಾತ್ರ ಸರಿಯಾಗಿತ್ತು. ಸಾಲು ಎಲ್ಲಿಗೂ ಹೋಗಿರಲಿಲ್ಲ, ಇಳಿದಿತ್ತು ಅಷ್ಟೆ.

ಅವರು ಬೈಯಲಿಲ್ಲ. ಒಂದೇ ಮಾತು ಕೇಳಿದರು.

"ಆ ಮೈದುನನ ಎಂಡ್ತಿ ನಿಮ್ಮೂರೋಳಲ್ವವ್ವಾ?"

ಹೌದು. ನಮ್ಮ ಬೀದಿಯಿಂದ ಎರಡನೆಯ ಬೀದಿ. ನನಗೆ ಅದು ಗೊತ್ತಿತ್ತು. ಹೇಳುವಂಥ ವಿಷಯವೆಂದು ಅನಿಸಿರಲಿಲ್ಲ. "ಹೌದು ಸಾ" ಎಂದೆ. "ಊಂ" ಎಂದರು. ಅಷ್ಟೇ. ಕಳ್ಳಿ ಎಂದಿದ್ದರೆ ಉತ್ತರ ಕೊಡಬಹುದಿತ್ತು.

ಮರುದಿನ ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದಿತ್ತು. ಬೀರುವಿನ ಬೀಗದ ಕೈ ಅವರ ಉಡಿದಾರಕ್ಕೆ ಹೋಗಿತ್ತು. ನಾನು ಟೈಪ್ ಮಾಡುವಾಗ ಹಿಂದೆ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರು. ನಾನು ಕೊಟ್ಟ ಹಾಳೆಗಳನ್ನು ಹೆಬ್ಬೆರಳಿಗೆ ಎಂಜಲು ಹಚ್ಚಿ ನನ್ನ ಎದುರಿಗೇ ಎಣಿಸುತ್ತಿದ್ದರು. ಊರಿನಿಂದ ಯಾರಾದರೂ ನನ್ನನ್ನು ಮಾತನಾಡಿಸಲು ಬಂದರೆ ಅವರ ಪೆನ್ಸಿಲ್ ಕಿವಿಯಿಂದ ಕೈಗೆ ಬರುತ್ತಿತ್ತು.

ಅನುಮಾನ ಅಂಟುರೋಗ. ಮೊದಲ ವಾರ ನನಗೆ ಬರೀ ಸಿಟ್ಟಿತ್ತು. ಎರಡನೆಯ ವಾರ, ನಾನೇ ಮಾಡಿರಬಹುದೇ ಎನ್ನಿಸತೊಡಗಿತು. ಬಸ್ಸಿನಲ್ಲಿ ಕುಳಿತು ಆ ಮಧ್ಯಾಹ್ನವನ್ನು ಬೆರಳು ಬೆರಳಾಗಿ ನೆನಪಿಸಿಕೊಳ್ಳುತ್ತಿದ್ದೆ. ಮೂರನೆಯ ವಾರ ಬೇರೆ ಯೋಚನೆ ಬಂತು. ನಾನು ಹೋದ ಮೇಲೆ ಆ ಫೈಲನ್ನು ತೆರೆದವರು ಯಾರು? ಹದಿನೈದು ದಿನ ಅಲೆದು ತಂದ ನಕ್ಷೆಯನ್ನು ಯಾರಾದರೂ ಬಚ್ಚಿಡುತ್ತಾರೆಯೇ? ಬಚ್ಚಿಟ್ಟರೆ ಯಾರಿಗೋಸ್ಕರ? ಅವರ ಸೈಕಲ್ಲಿಗೆ ಹೊಸ ಟೈರ್ ಬಂದಿದ್ದನ್ನು ನಾನು ಗಮನಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಟೈರ್ ಸವೆದರೆ ಯಾರಾದರೂ ಹಾಕಿಸುತ್ತಾರೆ.

ತಿಂಗಳ ಕೊನೆಗೆ ಲಾಯರ್ ನನ್ನನ್ನು ಒಳಗೆ ಕರೆದು, ಮುಖ ನೋಡದೆ, "ಸ್ವಲ್ಪ ದಿನ ರಜೆ ತಗೋಮ್ಮ" ಎಂದರು. ಎಷ್ಟು ದಿನ ಎಂದು ಕೇಳಿದೆ. ಹೇಳಿ ಕಳಿಸುತ್ತೇನೆ ಎಂದರು. ನಾನು ಚೀಲ ತೆಗೆದುಕೊಂಡು ಹೊರಟಾಗ ಹೊರಗಿನ ಕೋಣೆಯಲ್ಲಿ ಅವರು ತಲೆಯೆತ್ತಲಿಲ್ಲ.

ನಾನು ಊರು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಎರಡನೆಯ ಬೀದಿಯವರಿಗೆ ನಾನು ಸಹಾಯ ಮಾಡಿದೆನೆಂದು ಅವರ ಕಡೆಯವರೇ ಸಂತೋಷದಿಂದ ಹೇಳಿಕೊಂಡು ತಿರುಗುತ್ತಿದ್ದರು. ನೀರಿಗೆ ಹೋದರೆ ಒಬ್ಬಾಕೆ, "ಬುಡವ್ವ, ನಮ್ಮೂರ ಎಣ್ಣುಮಗಳ ಕೈ ಬುಡ್ನಿಲ್ವಲ್ಲ ನೀನು" ಎಂದು ಮೆಚ್ಚಿಗೆಯಿಂದ ನನ್ನ ಬೆನ್ನು ತಟ್ಟಿದಳು. ಅಪ್ಪ ಆ ದಿನ ಸಂಜೆ ನೇಗಿಲ ಕುಳವನ್ನು ಕೆಳಗಿಟ್ಟು, "ಒಂದೇ ಸಲ ಕೇಳ್ತೀನಿ. ಮಾಡಿದ್ದೀಯಾ?" ಎಂದ. ಇಲ್ಲ ಎಂದೆ. ಅಪ್ಪ ಮತ್ತೆ ಕುಳ ಎತ್ತಿಕೊಂಡ. ಮತ್ತೆ ಕೇಳಲಿಲ್ಲ. ನಂಬಿದನೋ, ಕೇಳಿದ್ದಾಯಿತೆಂದು ಬಿಟ್ಟನೋ, ನನಗೆ ತಿಳಿಯಲಿಲ್ಲ.

ಐದಾರು ವಾರ ಕಳೆದು ಒಂದು ಭಾನುವಾರ ಮಧ್ಯಾಹ್ನ ಅವರು ಬಂದರು. ಎರಡು ಬಸ್ ಬದಲಿಸಿ, ಊರ ಬಾಗಿಲಿನಿಂದ ನಡೆದುಕೊಂಡು. ಬಿಸಿಲಿಗೆ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿದಿತ್ತು. ಜಗಲಿಯ ಕೆಳಗೇ ನಿಂತು, ಚಪ್ಪಲಿಯನ್ನೂ ಬಿಡದೆ, ಅಪ್ಪನಿಗೆ ಕೈ ಮುಗಿದರು.

"ಬನ್ನಿ, ಮ್ಯಾಕ್ ಬನ್ನಿ. ನೀರ್ ಕುಡೀರಿ" ಎಂದ ಅಪ್ಪ.

"ಮೊದ್ಲು ಯೋಳ್ಬುಡ್ತೀನಿ. ಆಮೇಲೆ ನೀವು ಕೊಟ್ರೆ ಕುಡೀತೀನಿ" ಎಂದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. "ಆ ಕೆಲ್ಸ ಗೇಯ್ದೋನು ನಾನು ಕಣವ್ವಾ."

ಅಂಗಿಯ ಜೇಬಿನಿಂದ ಹಾಳೆ ತೆಗೆದು ಬಿಡಿಸಿ ಅಪ್ಪನಿಗೆ ತೋರಿಸುತ್ತಾ ವಿವರಿಸಿದರು. ಟೈಪ್‌ರೈಟರಿನಲ್ಲಿ ಹೊಸ ಸಾಲು ಶುರುಮಾಡುವ ಮೊದಲು ಟ್ಯಾಬ್ ಒತ್ತಿ ಜಾಗ ಬಿಡುವುದು ಅವರ ಮೂವತ್ತು ವರ್ಷದ ರೂಢಿ. ಆ ದಿನ ನಾನು ಹೋದ ಮೇಲೆ ನಕ್ಷೆಯ ಸಾಲಿನ ಮೇಲ್ಗಡೆ ಒಂದು ಅನುಮಾನದ ಸಾಲು ಸೇರಿಸಲು ಕುಳಿತಿದ್ದಾರೆ. ಕೆಳಗಿನ ನಕ್ಷೆಯ ಸಾಲಿಗೆ ಸ್ವಲ್ಪ ಜಾಗವಿರಲಿ ಎಂದು ಅದರ ಮೊದಲಕ್ಷರದ ಹತ್ತಿರ ಕರ್ಸರ್ ನಿಲ್ಲಿಸಿ ಟ್ಯಾಬನ್ನು ಎರಡು ಸಲ ಒತ್ತಿದ್ದಾರೆ. ಅವರ ಕಣ್ಣೆಲ್ಲ ಕೀಲಿಗಳ ಮೇಲೆ. ಪರದೆಯನ್ನು ನೋಡಿಯೇ ಇಲ್ಲ. ಪ್ರಿಂಟ್ ತೆಗೆದು ಸಾಲುಗಳನ್ನು ಎಣಿಸಿದ್ದಾರೆ, ಲೆಕ್ಕ ಸರಿ ಇದೆ, ಮಡಚಿ ಇಟ್ಟಿದ್ದಾರೆ.

"ಓದ್ ಬುಧವಾರ ಇನ್ನೊಂದು ಕೇಸಲ್ಲಿ ಅಂಗೇ ಒತ್ದೆ. ತಲೆ ಎತ್ತಿ ನೋಡ್ತೀನಿ, ಚೌಕ ಓಗಿ ಸೊನ್ನೆ ಆಯ್ತು. ಇನ್ನೊಂದ್ಸಲ ಒತ್ದೆ. ಗೆರೆ ಆಯ್ತು. ಏಳೆಂಟ್ ಸಲ ಒತ್ತಿ ಒತ್ತಿ ನೋಡ್ದೆ. ಎಲ್ಲಾರ್ನೂವೆ ಅನುಮಾನ ಪಟ್ಟೆ, ನನ್ ಬೆರಳೊಂದ ಬುಟ್ಟು."

ಅಪ್ಪ ನನ್ನ ಮುಖ ನೋಡಿದ. ನಾನು ಅಳಬೇಕಾಗಿತ್ತು, ಇಲ್ಲವೇ ನಗಬೇಕಾಗಿತ್ತು. ಎರಡೂ ಬರಲಿಲ್ಲ. ನನ್ನ ಬಾಯಿಂದ ಬಂದದ್ದು ಪ್ರಶ್ನೆ.

"ಯಾರು ಕಳಿಸಿದ್ರು ಸಾ? ಲಾಯರ್ ಸರ್ ಕಳಿಸಿದ್ರಾ?"

"ಯಾರೂ ಕಳುಸ್ನಿಲ್ಲ ಕಣವ್ವಾ."

"ಅಲ್ಲಿ ಟೈಪ್ ಮಾಡೋರು ಯಾರೂ ಸಿಕ್ಕಿಲ್ವಾ?"

ಅವರು ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡರು. ಇಲ್ಲ ಅನ್ನದಿದ್ದದ್ದೇ ನನಗೆ ಒಪ್ಪಿಕೊಂಡ ಹಾಗೆ ಕಂಡಿತು. ನಾನು ಕೂಡಿಸಿದ ಆ ಗುರುತುಗಳನ್ನು ಬೇರೆ ಯಾರೂ ನಡೆಸಲಾರರು, ಅದಕ್ಕೇ ಬಂದಿದ್ದಾರೆ ಎಂದುಕೊಂಡೆ.

"ನಾನು ಬರಲ್ಲ ಸಾ" ಎಂದೆ.

"ಬಾ ಅಂತ ನಾನು ಕೇಳ್ನಿಲ್ವಲ್ಲವ್ವಾ."

ಅದನ್ನೂ ನಾನು ಜಾಣತನವೆಂದುಕೊಂಡೆ. ಕೋರ್ಟಿನ ಜಗಲಿಯಲ್ಲಿ ಕಲಿತ ಮಾತು. ಅವರು ಇನ್ನೂ ಏನೋ ಹೇಳುವಂತೆ ಬಾಯಿ ತೆರೆದರು. ನಾನು "ಸಾಕು ಸಾ" ಎಂದೆ. ಅಪ್ಪ ಚೊಂಬು ತಂದುಕೊಟ್ಟ. ಅವರು ಅದನ್ನು ಬೆಳ್ಳನೆ ಬಿಸಿಲಿನಲ್ಲಿ ನಿಂತು, ಒಳಗೆ ನೋಡದೆ, ಒಂದೇ ಉಸಿರಿಗೆ ಕುಡಿದರು. "ಎಲ್ರಿಗೂ ಯೋಳಿ, ಮಗೀದೇನೂ ತಪ್ಪಿಲ್ಲ ಅಂತ" ಎಂದು ಅಪ್ಪನಿಗೆ ಹೇಳಿದರು. ಎರಡನೆಯ ಬೀದಿಗೂ ಹೋಗಿ, ಆ ಮನೆಯವರ ಮುಂದೆ ಅದನ್ನೇ ಹೇಳಿ, ಬಸ್ಸಿಗೆ ಹೋದರೆಂದು ಆಮೇಲೆ ಗೊತ್ತಾಯಿತು. ನಾನು ಬಾಗಿಲಿನಿಂದ ಒಳಗೆ ಹೋಗಿದ್ದೆ. ಅವರು ತಿರುವು ದಾಟಿದ್ದನ್ನು ನಾನು ನೋಡಲಿಲ್ಲ.

ಅದೇ ವರ್ಷ ನರಸೀಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನನಗೆ ಕೆಲಸ ಸಿಕ್ಕಿತು. ಅಲ್ಲಿ ಈಗ ಕಲಿಸುತ್ತೇನೆ. ಅವರನ್ನು ಆಮೇಲೆ ಎರಡು ಸಲ ದೂರದಿಂದ ಕಂಡೆ. ಒಮ್ಮೆ ನಂಜನಗೂಡಿನ ಬಸ್ ನಿಲ್ದಾಣದಲ್ಲಿ, ಯಾರನ್ನೋ ಬಸ್ಸಿನ ಹೊತ್ತು ವಿಚಾರಿಸುತ್ತಿದ್ದರು. ಹತ್ತಿರ ಹೋಗಬಹುದಿತ್ತು. ಮಾತನಾಡಿಸಿದರೆ ಮತ್ತೆ ಕೆಲಸಕ್ಕೆ ಕರೆಯುತ್ತಾರೇನೋ ಎಂದುಕೊಂಡು ಕಂಬದ ಹಿಂದೆ ಸರಿದೆ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೆ ಬರೆಯದಿದ್ದರೆ ಅರ್ಧ ಹೇಳಿದಂತಾಗುತ್ತದೆ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ತಗಡೂರಿಗೆ ಹೋದೆ. ಮನೆಯ ಮುಂದೆ ಚಪ್ಪರ. ಲಾಯರ್ ಒಂದು ಬೆಂಚಿನ ಮೇಲೆ ಕುಳಿತಿದ್ದರು, ಕೂದಲೆಲ್ಲ ನೆರೆತಿತ್ತು. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಆ ಚಿಕ್ಕಯ್ಯನಛತ್ರದ ಹೆಂಗಸಿನ ಕಥೆ ಏನಾಯಿತು ಎಂದು ಕೇಳಿದೆ. ಅವರು ಆಶ್ಚರ್ಯದಿಂದ ನೋಡಿದರು.

"ನಿಂಗೆ ಗೊತ್ತಿಲ್ವಾ? ಗೆದ್ದರಲ್ಲಮ್ಮ. ಸಾಕ್ಷೀನ ಮತ್ತೆ ಕರೆಸಿದ್ವಿ. ಸುಮ್ಮನೆ ಮರೆತೆ ಅಂದರೆ ಕೋರ್ಟ್ ಒಪ್ಪುತ್ತಾ? ಯಾಕೆ ತಪ್ಪಿತು ಅಂತ ಯಾರಾದರೂ ಪ್ರಮಾಣ ಮಾಡಿ ಹೇಳಬೇಕಿತ್ತು. ಇವರೇ ಅಫಿಡವಿಟ್ ಹಾಕಿದರು. ನಾನೇ ಬೇಡ ಅಂದೆ, ಬೇರೆ ಏನಾದರೂ ಕಾರಣ ಬರೆಯೋಣ ಅಂದೆ. ಕೇಳಲಿಲ್ಲ. ತಪ್ಪು ನನ್ನದು, ಟೈಪ್ ಮಾಡುವ ಹೆಣ್ಣುಮಗಳದ್ದಲ್ಲ ಅಂತ ಒಂದು ಪ್ಯಾರಾ ಬೇಕೇ ಬೇಕು ಅಂತ ಬರೆಸಿ, ಹೆಸರು ಬರೆದು, ರುಜು ಹಾಕಿದರು. ಎದುರು ಲಾಯರ್ ಅದನ್ನ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ಹಾಲ್‌ನಲ್ಲಿ ಎಲ್ಲ ನಕ್ಕರು. ಆಮೇಲೆ ಎಲ್ಲಿ ಕಂಡರೂ ಉಳಿದ ಗುಮಾಸ್ತರೆಲ್ಲ ಇವರನ್ನ ಟ್ಯಾಬಪ್ಪ, ಟ್ಯಾಬಪ್ಪ ಅಂತ ಕರೆಯೋಕೆ ಶುರುಮಾಡಿದರು."

"ಅದು ಯಾವಾಗ ಸರ್?"

"ರುಜು ಹಾಕಿದ್ದು ಒಂದು ಶುಕ್ರವಾರ. ಶನಿವಾರ ಬೀಗದ ಕೈ ತಂದು ನನ್ನ ಮೇಜಿನ ಮೇಲಿಟ್ಟು ಇನ್ನು ಬರಲ್ಲ ಅಂದರು. ಭಾನುವಾರ ನಿಮ್ಮೂರಿಗೆ ಹೋಗಿ ಬರ್ತೀನಿ ಅಂದಿದ್ದರು. ಬಂದಿದ್ದರಲ್ಲ?"

ಬಂದಿದ್ದರು ಎಂದೆ. ಆ ಭಾನುವಾರ ನಮ್ಮ ಜಗಲಿಯ ಕೆಳಗೆ ನಿಂತಾಗ ಅವರಿಗೆ ಆಫೀಸೇ ಇರಲಿಲ್ಲ. ನನ್ನಿಂದ ಆಗಬೇಕಾದ ಕೆಲಸವೂ ಇರಲಿಲ್ಲ. ನಾನು ಯಾರು ಕಳಿಸಿದರು ಎಂದು ಕೇಳಿದ್ದೆ. ಅವರು ಇದನ್ನು ಅಲ್ಲೇ ಹೇಳಬಹುದಿತ್ತು. ತಮ್ಮ ಪರವಾದ ಮಾತನ್ನು ತಾವೇ ಹೇಳಿಕೊಳ್ಳಲಿಲ್ಲ.

ಪಂಕ್ತಿಗೆ ಕರೆದರು. ಕುಳಿತೆ. ಅವರ ಮಗಳು ಪಾಯಸ ಬಡಿಸುತ್ತಾ ಬಂದರು. ನನ್ನ ಎಲೆಯ ಮುಂದೆ ನಿಂತು, "ನೀವು ಯಾರು ಅಂತ ಗೊತ್ತಾಗ್ನಿಲ್ಲ" ಎಂದರು.

"ಹೆಮ್ಮಿಗೆಯವಳು. ನಿಮ್ಮ ತಂದೆ ಹತ್ತಿರ ಟೈಪ್ ಮಾಡ್ತಿದ್ದೆ."

ಅವರ ಸೌಟು ಪಾತ್ರೆಯಲ್ಲೇ ನಿಂತಿತು. ಅತ್ತು ಅತ್ತು ಕೆಂಪಾಗಿದ್ದ ಕಣ್ಣಿನಿಂದ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

"ನೀವೇನಾ? ಅಪ್ಪಾಜಿ ಆವತ್ತು ನಿಮ್ಮೂರಿಂದ ಬಂದು ಉಂಡ್ನಿಲ್ಲ. ಯಾಕೆ ಅಂತ ಅವ್ವ ಕೇಳುದ್ರೆ, 'ಆ ಎಣ್ಮಗ ನನ್ನ ನಂಬ್ನಿಲ್ಲ ಕಣಾ. ಸರ್ಯಾಗೇ ಕಲ್ತದೆ' ಅಂದ್ರು. ನಕ್ಕೊಂಡೇ ಅಂದ್ರು. ಆಮೇಲೆ ಗ್ವಾಡೆ ಕಡೆ ತಿರಿಕ್ಕಂಡು ಕೂತ್ಕಂಡ್ರು."

ನನ್ನ ಎಲೆಗೆ ಒಂದು ಸೌಟು ಹಾಕಿದರು. ಹಿಂದಿನಿಂದ ಯಾರೋ, ಬೇಗ ಬಡಿಸವ್ವಾ, ಇನ್ನೂ ಎರಡು ಪಂಕ್ತಿ ಇದೆ ಎಂದು ಕೂಗಿದರು. ಮುಂದಕ್ಕೆ ಹೆಜ್ಜೆಯಿಡುತ್ತಲೇ, ಚುಚ್ಚುವುದಕ್ಕೋ ಸುಮ್ಮನೆಯೋ ನನಗೆ ತಿಳಿಯದ ಹಾಗೆ, "ಈಗ ನಂಬುದ್ರಾ?" ಎಂದರು.

ನಾನು ಹೂಂ ಎಂದು ತಲೆಯಾಡಿಸಿದೆ. ಅಷ್ಟರಲ್ಲಿ ಅವರು ಪಕ್ಕದ ಎಲೆಗೆ ಬಗ್ಗಿ ಬಡಿಸುತ್ತಿದ್ದರು.